'ಎಕ್ಸ್‌ಟ್ರಾಸ್' ಓದಿದ ಹುಡುಗಿ "ನಂಗೆ ಇದೇ ಊರು ಬೇಕು" ಅಂತಾಳೆ, ಎಂತ ಹೇಳೋದು?

ಮುಳ್ಳೇರಿಯದ ಅತ್ತೆ
ಅಣ್ಣನ ಮಗಳು ಪ್ಲಸ್ ವನ್. ಫೋನಿನ ಹುಚ್ಚು ಸ್ವಲ್ಪ ಇಳೀಲಿ ಅಂತ ಸ್ಕಾಟ್ ವೆಸ್ಟರ್‌ಫೆಲ್ಡ್ ಬರೆದ 'ಎಕ್ಸ್‌ಟ್ರಾಸ್' (2007) ನಾನೇ ತರಿಸಿ ಕೊಟ್ಟದ್ದು. ಮುಂದಿನ ಕಾಲದ ಜಪಾನಿನ ಒಂದು ಊರು, ಅಲ್ಲಿ ನಿಮ್ಮ ಬಗ್ಗೆ ಎಷ್ಟು ಜನ ಮಾತಾಡ್ತಾರೋ ಅಷ್ಟು ಒಳ್ಳೆ ಮನೆ, ಒಳ್ಳೆ ಬಟ್ಟೆ. 15 ವರ್ಷದ ಆಯಾ ಫ್ಯೂಸ್‌ಳ ರ‍್ಯಾಂಕ್ ನಾಲ್ಕೂವರೆ ಲಕ್ಷದ ಹತ್ತಿರ, ಅಂದ್ರೆ ಲೆಕ್ಕಕ್ಕೇ ಇಲ್ಲ, ಪಾಪ ಹಾರುವ ಕ್ಯಾಮರಾ ಕಟ್ಕೊಂಡು ಸುದ್ದಿ ಹುಡುಕಿ ಅಲೀತಾಳೆ. ನಮ್ಮವಳು ಎರಡೇ ದಿನದಲ್ಲಿ ಮುಗಿಸಿ ಹೇಳಿದ್ದು, "ಅತ್ತೆ, ಎಷ್ಟು ಒಳ್ಳೆ ಸಿಸ್ಟಮ್, ಇಲ್ಲಿ ವ್ಯೂಸ್ ಬಂದ್ರೂ ಕೈಗೆ ಎಂತದೂ ಸಿಗುದಿಲ್ಲ." ಹೆದರಿಸ್ಲಿಕ್ಕೆ ಕೊಟ್ಟ ಪುಸ್ತಕ ಜಾಹೀರಾತಾಯ್ತಲ್ಲ ಮಾರಾಯ್ರೆ!

ಚಂದ್ರಗಿರಿ ದಡ
ಅವಳು ಓದಿದ್ದು ಪೂರ್ತಿ ತಪ್ಪಲ್ಲ. ಆ ಊರಲ್ಲಿ ಹೋಮ್‌ವರ್ಕ್ ಮಾಡಿದ್ರೆ, ಸಣ್ಣ ಮಕ್ಕಳನ್ನ ನೋಡ್ಕೊಂಡ್ರೆ ಮೆರಿಟ್ ಅಂತ ಬೇರೆ ಲೆಕ್ಕವೂ ಉಂಟಲ್ಲ, ಆದ್ರೆ ಅದ್ರಲ್ಲಿ ಮೇಲೆ ಬರ್ಲಿಕ್ಕೆ ಯಾರಿಗೆ ತಾಳ್ಮೆ. ಸ್ಲೈ ಗರ್ಲ್ಸ್ ಭಾಗ ಇನ್ನೊಮ್ಮೆ ಓದಿಸಿ. ಓಡುವ ರೈಲಿನ ಮೇಲೆ ನಿಂತು ಹೋಗುವ ಹುಡುಗಿಯರು, ಯಾರಿಗೂ ಗೊತ್ತಾಗ್ಬಾರ್ದು ಅಂತ ಅವರ ಹಟ, ಆಯಾ ಅವರ ಜೊತೆ ಸೇರೋದೇ ಕದ್ದು ಶೂಟ್ ಮಾಡ್ಲಿಕ್ಕೆ. ನೀನಾದ್ರೆ ಅಪ್ಲೋಡ್ ಮಾಡ್ತಿದ್ದೆಯಾ ಅಂತ ಕೇಳಿ ನೋಡಿ.

ಬದಿಯಡ್ಕ ಬಸ್
ಮಕ್ಕಳನ್ನ ಮಾತ್ರ ಬೈಬೇಡಿ. ನಮ್ಮಜ್ಜಿ ಅಂಗಳದಲ್ಲಿ ಕೂತು ಅಡಿಕೆ ಸುಲಿಯೋದನ್ನ ತಮ್ಮ ರೀಲ್ ಮಾಡಿ ಹಾಕಿದ, ಅವನು ಬೇಕಲ ಕೋಟೆ ಮೇಲೆ ಕುಣಿದದ್ದಕ್ಕಿಂತ ಅದೇ ಓಡಿತು. ಈಗ ಅಜ್ಜಿ ಸುಲಿಲಿಕ್ಕೆ ಕೂರುವ ಮೊದಲು ಒಳ್ಳೆ ಸೀರೆ ಉಟ್ಕೊಳ್ತಾರೆ, ಅಡಿಕೆ ಸುಲಿಲಿಕ್ಕೆ!! ಸಂಜೆ ಚಾ ಕುಡೀತಾ "ಇವತ್ತು ಎಷ್ಟಾಯ್ತಾ?"

ಪುಸ್ತಕದ ಹುಳ
ಭಯವೇ ಬೇಕಾದ್ರೆ ಎಂ.ಟಿ. ಆ್ಯಂಡರ್ಸನ್ ಅವರ 'ಫೀಡ್' (2002) ಕೊಡಿ. ತಲೆಯೊಳಗೆ ಕೂರಿಸಿದ 'ಫೀಡ್' ಅನ್ನೋ ಯಂತ್ರದಿಂದ ಮೆದುಳಿನೊಳಗೇ ಜಾಹೀರಾತು, ಶಾಲೆ ಕಂಪನಿಗಳದ್ದು, ಮೈಮೇಲೆ ಹುಣ್ಣು ಎದ್ರೆ ಅದೂ ಫ್ಯಾಷನ್. ವಯೊಲೆಟ್ ಅನ್ನೋ ಹುಡುಗಿ ಬೇಕಂತಲೇ ಸಂಬಂಧ ಇಲ್ಲದ ಸಾಮಾನೆಲ್ಲ ವಿಚಾರಿಸ್ತಾ ಹೋಗ್ತಾಳೆ, ಇವಳಿಗೆ ಎಂತ ಬೇಕು ಅಂತ ಕಂಪನಿಗೆ ಗೊತ್ತಾಗ್ಬಾರ್ದು ಅಂತ. ಆಮೇಲೆ ಅವಳ ಫೀಡ್ ಕೆಟ್ಟು ಜೀವಕ್ಕೇ ಬಂದಾಗ ರಿಪೇರಿಗೆ ದುಡ್ಡು ಹಾಕ್ಲಿಕ್ಕೆ ಯಾರೂ ಇಲ್ಲ, ಏನು ಕೊಳ್ತಾಳೆ ಅಂತ ಭರವಸೆ ಇಲ್ಲದ ಗಿರಾಕಿಯಂತೆ. ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿದ್ದೆ.

ಮುಳ್ಳೇರಿಯದ ಅತ್ತೆ
ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹಾಕ್ತಿದ್ದೆ ಅತ್ತೆ, ಮುಖ ಬ್ಲರ್ ಮಾಡಿ" ಅಂದ್ಳು. 'ಫೀಡ್' ಆರ್ಡರ್ ಮಾಡಿದ್ದೇನೆ, ಈ ಸಲ ಮೊದಲು ನಾನು ಓದೋದು.