ಸ್ಟರೋಚಿ ಹೋದ ಮಾತ್ರಕ್ಕೆ ಪೆನ್ ಸ್ಟೇಟ್ ಮುಳುಗಲ್ಲ ಮಾವ

ಮಾವ, ನಮಸ್ಕಾರ. ನಿನ್ನೆ ರಾತ್ರಿ ಗ್ರೂಪಲ್ಲಿ ನೀವೂ ಚೇತನೂ ಮಾಡಿದ ಜಗಳ ಪೂರ್ತಿ ಕೇಳ್ದೆ. ಟೈಪ್ ಮಾಡೋಕೆ ಆಗಲ್ಲ, ಅದಕ್ಕೇ ವಾಯ್ಸ್ ಹಾಕ್ತಿದೀನಿ. ಉದ್ದ ಆಗುತ್ತೆ, ಆರಾಮಾಗಿ ಕೂತ್ಕೊಂಡು ಕೇಳಿ. ನೀವು ಹೇಳಿದ್ದು ಇಷ್ಟು: ಅಮೆರಿಕದ ಕಾಲೇಜ್ ಕುಸ್ತೀಲಿ ಕಾರ್ಟರ್ ಸ್ಟರೋಚಿ ಐದು ಸಲ ಚಾಂಪಿಯನ್ ಆಗಿ ಹೋದ, ಇನ್ನು ಪೆನ್ ಸ್ಟೇಟ್ ಕಾಲೇಜ್ ಟೀಮಿನ ಕಥೆ ಮುಗೀತು, ಕೋಚ್ ಸ್ಯಾಂಡರ್ಸನ್‌ದು ಏನೂ ಇಲ್ಲ, ಒಳ್ಳೆ ಹುಡುಗ್ರನ್ನ ಆರಿಸಿ ತಂದ್ರೆ ಯಾರು ಬೇಕಾದ್ರೂ ಗೆಲ್ಲಿಸ್ತಾರೆ ಅಂತ. ಚೇತ ಅಯೋವಾ ಕಾಲೇಜ್ ಟೀಮಿನ ಅಭಿಮಾನಿ, ಅವನು ಅವರ ಕೋಚ್ ಟಾಮ್ ಬ್ರಾಂಡ್ಸ್‌ನ ಬದಲಾಯಿಸ್ಬೇಕು ಅಂತಾನೆ. ಇಬ್ರೂ ಚಾಂಪಿಯನ್ನರನ್ನೇ ಎಣಿಸ್ತಿದೀರಿ. ತಪ್ಪಾಗ್ತಿರೋದು ಅಲ್ಲೇ.

ಮಾವ, ದಸರಾ ಕುಸ್ತೀಲಿ ಒಬ್ಬ ಚಿತ್ ಆದ ಅಂದ್ರೆ ಕಥೆ ಮುಗೀತು, ಗೆದ್ದೋನು ಗೆದ್ದ. ಅಲ್ಲಿನ ಕಾಲೇಜ್ ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎಯ ರಾಷ್ಟ್ರೀಯ ಕೂಟದಲ್ಲಿ ಹಾಗಲ್ಲ. 125 ಪೌಂಡಿಂದ 285 ಪೌಂಡ್‌ವರೆಗೆ ಹತ್ತು ತೂಕದ ವಿಭಾಗ. ಒಂದೊಂದು ತೂಕಕ್ಕೆ 33 ಜನ, ಒಟ್ಟು 330 ಪೈಲ್ವಾನ್ರು, ಮೂರು ದಿನ. ಎಂಟನೇ ಸ್ಥಾನದವರೆಗೂ ಟೀಮಿಗೆ ಅಂಕ ಸಿಗುತ್ತೆ: 16, 12, 10, 9, 7, 6, 4, 3. ಇದರ ಜೊತೆಗೆ ಮೇಲಿನ ಕಡೆ, ಅಂದ್ರೆ ಇನ್ನೂ ಸೋಲದೋರ ಕಡೆ, ಒಂದೊಂದು ಸುತ್ತು ದಾಟಿದ್ರೆ 1, ಸೋತು ಕೆಳಗಿನ ಕಡೆ ಬಂದು ಅಲ್ಲಿ ದಾಟಿದ್ರೆ ಅರ್ಧ. ಅದಕ್ಕೂ ಮೇಲೆ ಬೋನಸ್: ಚಿತ್ ಮಾಡಿದ್ರೆ 2, ಟೆಕ್ನಿಕಲ್ ಫಾಲ್ ಅಂದ್ರೆ 15 ಅಂಕದ ಅಂತರ ಮಾಡಿದ್ರೆ ಒಂದೂವರೆ, 8ರಿಂದ 14ರ ಅಂತರ ಆದ್ರೆ 1.

ಈಗ ಲೆಕ್ಕ ಹಾಕಿ. ಎಲ್ಲಾ ಪಂದ್ಯ ಕಡಿಮೆ ಅಂತರದಲ್ಲಿ ಗೆದ್ದು ಚಾಂಪಿಯನ್ ಆದೋನು ತರೋದು 16, ದಾಟಿದ ಸುತ್ತುಗಳಿಗೆ 4, ಒಟ್ಟು 20. ಐದಕ್ಕೆ ಐದೂ ಪಂದ್ಯದಲ್ಲಿ ಎದುರಾಳೀನ ಚಿತ್ ಮಾಡಿದ ಅಂದ್ರೂ 30. ಒಬ್ಬ ಮನುಷ್ಯನಿಂದ ಟೀಮಿಗೆ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಬರಲ್ಲ. 2025ರ ಮಾರ್ಚಲ್ಲಿ ಫಿಲಡೆಲ್ಫಿಯಾದಲ್ಲಿ ಪೆನ್ ಸ್ಟೇಟ್ ತಗೊಂಡಿದ್ದು 177. ಎರಡನೇ ಸ್ಥಾನದ ನೆಬ್ರಾಸ್ಕಾಗೆ 117. ಆ ವರ್ಷ ಪೆನ್ ಸ್ಟೇಟಿಂದ ಚಾಂಪಿಯನ್ ಆದೋರು ಇಬ್ರೇ, 165ರಲ್ಲಿ ಮೆಸೆನ್‌ಬ್ರಿಂಕ್, 184ರಲ್ಲಿ ಸ್ಟರೋಚಿ. ಇಬ್ರ ಹೆಸರಲ್ಲೂ ಪೂರ್ತಿ 30-30 ಬರೆದು, ಇಬ್ರನ್ನೂ ಆ ಪಟ್ಟಿಯಿಂದ ಅಳಿಸಿಬಿಡಿ. ಆಗಲೂ ಉಳಿಯೋದು 117, ನೆಬ್ರಾಸ್ಕಾ ಪಕ್ಕಕ್ಕೇ ಬಂದು ನಿಲ್ಲುತ್ತೆ. ಯಾಕೆ? ಹತ್ತು ತೂಕದಲ್ಲಿ ಇಳಿದ ಹತ್ತೂ ಜನ ಮೊದಲ ಎಂಟರೊಳಗೆ ಬಂದಿದ್ರು. ಇದಕ್ಕೂ ಒಳ್ಳೆ ಉದಾಹರಣೆ ಬೇಕಾದ್ರೆ 2001ರ ಮಿನೆಸೋಟಾ ನೋಡಿ. ಹತ್ತು ಜನರೂ ಎಂಟರೊಳಗೆ, ಫೈನಲ್‌ಗೆ ಒಬ್ಬನೂ ಬರ್ಲಿಲ್ಲ, ಆದ್ರೂ ಟೀಮ್ ಪ್ರಶಸ್ತಿ ಅವರದ್ದೇ!

ಅದಕ್ಕೇ ಮಾವ, ಕೋಚ್‌ನ ಕೆಲಸ ನೋಡ್ಬೇಕು ಅಂದ್ರೆ ಶನಿವಾರದ ಫೈನಲ್ ನೋಡ್ಬೇಡಿ. ಸೋತು ಕೆಳಗಿನ ಕಡೆ ಬಿದ್ದ ಹುಡುಗ ಮುಂದೆ ಏನು ಮಾಡ್ತಾನೆ ಅದನ್ನ ನೋಡಿ. 2024ರಲ್ಲಿ ಪೆನ್ ಸ್ಟೇಟಿನ 149 ಪೌಂಡ್ ಹುಡುಗ ಟೈಲರ್ ಕ್ಯಾಸಕ್ ಮೊದಲ ಸುತ್ತಲ್ಲೇ ಸೋತ. ಅಲ್ಲಿಂದ ಒಂದಾದ್ಮೇಲೊಂದು ಏಳು ಪಂದ್ಯ ಗೆದ್ದು ಮೂರನೇ ಸ್ಥಾನ ತಗೊಂಡ. ಮೂರು ದಿನದಲ್ಲಿ ಎಂಟು ಕುಸ್ತಿ! ಪ್ರಶಸ್ತಿ ಕೈತಪ್ಪಿದ ಮೇಲೂ ಎದ್ದು ನಿಂತು ಹೀಗೆ ಆಡಿಸೋದನ್ನ ದುಡ್ಡು ಕೊಟ್ಟು ತರೋಕಾಗಲ್ಲ. ಆ ಹುಡುಗನ್ನ ನೆನೆಸ್ಕೊಂಡ್ರೆ ನಂಗೆ ಈಗಲೂ ಮೈ ಜುಂ ಅನ್ನುತ್ತೆ.

"ಯಾರು ಬೇಕಾದ್ರೂ ಗೆಲ್ಲಿಸ್ತಾರೆ" ಅನ್ನೋ ಮಾತಿಗೂ ಉತ್ತರ ಇದೆ. ಪೆನ್ಸಿಲ್ವೇನಿಯಾದಲ್ಲಿ ಒಳ್ಳೆ ಪೈಲ್ವಾನ್ರಿಗೆ ಯಾವ ಕಾಲದಲ್ಲೂ ಬರ ಇರ್ಲಿಲ್ಲ. ಆದ್ರೂ 2009ರಲ್ಲಿ ಕೇಲ್ ಸ್ಯಾಂಡರ್ಸನ್ ಬರೋಕೆ ಮುಂಚೆ ಪೆನ್ ಸ್ಟೇಟಿಗೆ ಇದ್ದಿದ್ದು ಒಂದೇ ಒಂದು ಪ್ರಶಸ್ತಿ, ಅದೂ 1953ರದ್ದು. ಅವರು ಬಂದ್ಮೇಲೆ 2011ರಿಂದ 2025ರೊಳಗೆ ಹನ್ನೆರಡು. ನಡುವೆ ತಪ್ಪಿದ್ದು 2015, 2021, ಆಮೇಲೆ ಕೋವಿಡ್‌ಗೆ ಕೂಟವೇ ನಡೀದ 2020. ಊರು ಅದೇ, ಮಣ್ಣು ಅದೇ, ವಸ್ತಾದ್ ಮಾತ್ರ ಬೇರೆ.

ಅವರ ತರಬೇತಿಯ ಗುಟ್ಟು ಎರಡು ಅಂತ ನನ್ನ ಲೆಕ್ಕ. ಮೊದಲನೇದು ಜೋಡಿ. ಕಾಲೇಜ್ ಪಕ್ಕದಲ್ಲೇ ನಿಟನಿ ಲಯನ್ ಕ್ಲಬ್ ಅಂತಿದೆ, ಒಲಿಂಪಿಕ್ಸ್‌ಗೆ ತಯಾರಾಗೋ ದೊಡ್ಡವರು ಅಲ್ಲೇ ಅಭ್ಯಾಸ ಮಾಡ್ತಾರೆ. ಹದಿನೆಂಟರ ಹುಡುಗನಿಗೆ ದಿನಾ ಕೈ ಹಿಡಿಯೋಕೆ ಪದಕ ಗೆದ್ದೋನು ಸಿಗ್ತಾನೆ. ತನಗಿಂತ ಗಟ್ಟಿ ಜೋಡಿ ಸಿಗದೆ ಪಟ್ಟು ಹರಿತ ಆಗಲ್ಲ ಅನ್ನೋದು ನಿಮ್ಮ ಗರಡಿ ಮನೆಯಲ್ಲೂ ಗೊತ್ತಿರೋದೇ. ಎರಡನೇದು, ಮುನ್ನಡೆ ಸಿಕ್ಕ ಮೇಲೂ ನಿಲ್ಲಿಸದೆ ಅಂಕ ತಗೊಳ್ತಾ ಹೋಗೋದು. 2023-24ರಿಂದ ಟೇಕ್‌ಡೌನ್‌ಗೆ, ಅಂದ್ರೆ ಎದುರಾಳೀನ ಕೆಡವಿ ಹಿಡಿತಕ್ಕೆ ತಗೊಂಡ್ರೆ, 2ರ ಬದಲು 3 ಅಂಕ. ಅವನು ಬಿಡಿಸಿಕೊಂಡ್ರೆ ಅವನಿಗೆ 1. ಕೆಡವು, ಬಿಡು, ಮತ್ತೆ ಕೆಡವು ಅಂತ ಆಡಿದ್ರೆ ಮೊದಲು 15ರ ಅಂತರಕ್ಕೆ ಹದಿನಾಲ್ಕು ಟೇಕ್‌ಡೌನ್ ಬೇಕಿತ್ತು. ಈಗ ಏಳು ಸಾಕು: 21 ಅಂಕಕ್ಕೆ 6 ಕಳೆದ್ರೆ 15. ಪಂದ್ಯ 3, 2, 2 ಅಂತ ಏಳು ನಿಮಿಷ, ಅಂದ್ರೆ ನಿಮಿಷಕ್ಕೊಂದು. ಉಸಿರು ಗಟ್ಟಿ ಇರೋ ಟೀಮಿಗೆ ಈ ನಿಯಮ ಹಬ್ಬ. ಮೆಸೆನ್‌ಬ್ರಿಂಕ್ ಆಟ ಒಂದ್ಸಲ ಪೂರ್ತಿ ನೋಡಿ, ಎಲ್ಲೂ ಕೈ ಕೆಳಗೆ ಬಿಡಲ್ಲ.

ನಿಮಗೆ ಕಿರಿಕಿರಿ ಆಗೋದು ಯಾವುದು ಅಂತಾನೂ ಗೊತ್ತು ಮಾವ: ಕೆಳಗೆ ಬಿದ್ದೋನ ಸೊಂಟಕ್ಕೆ ಕೈ ಸುತ್ತಿ ಬೆರಳು ಹೆಣೆದ್ರೆ ರೆಫರಿ ಯಾಕೆ ಎದುರಾಳಿಗೆ ಅಂಕ ಕೊಡ್ತಾನೆ ಅಂತ. ಮಣ್ಣಲ್ಲಿ ಅದು ಸರಿ, ಇಲ್ಲಿ ಅದು ತಪ್ಪು. ಚಿತ್ ಮಾಡೋ ಹಂತಕ್ಕೆ ತಿರುಗಿಸಿದ ಮೇಲೆ, ಇಲ್ಲಾ ಅವನು ಎದ್ದು ನಿಂತಾಗ ಮಾತ್ರ ಕೈ ಕೂಡಿಸಬಹುದು. ಮೇಲೆ ಕೂತು ಅದುಮಿ ಹಿಡಿದ ಸಮಯಕ್ಕೂ ಗಡಿಯಾರ ಓಡುತ್ತೆ. ಇಬ್ರ ಲೆಕ್ಕ ಕಳೆದು ಒಂದು ನಿಮಿಷ ಜಾಸ್ತಿ ಇದ್ರೆ ಕೊನೇಲಿ 1 ಅಂಕ. 4-4 ಅಂತ ಕಾಣೋ ಪಂದ್ಯ ಎಷ್ಟೋ ಸಲ ಅಲ್ಲೇ ತೀರ್ಮಾನ ಆಗಿರುತ್ತೆ.

ಈಗ ಚೇತಾ, ನಿನ್ನ ಅಯೋವಾ. ಹಳೇ ಕೋಚ್ ಡ್ಯಾನ್ ಗೇಬಲ್ ಕೊಟ್ಟ 15 ಪ್ರಶಸ್ತಿ ಪಕ್ಕ ಇಟ್ಟು ನೋಡಿದ್ರೆ ಬ್ರಾಂಡ್ಸ್ ತಂದ ನಾಲ್ಕು (2008, 2009, 2010, 2021) ಕಮ್ಮಿ ಅನ್ಸುತ್ತೆ. ಆದ್ರೆ ಅವರನ್ನ ತೆಗೆದ್ರೆ ಸರಿಹೋಗೋ ರೋಗ ಅಲ್ಲ ಇದು. 2025ರಲ್ಲಿ ಅಯೋವಾದಿಂದ ಫೈನಲ್ ಆಡಿದ ಮೂವರಲ್ಲಿ ಇಬ್ರು, ಬುಕ್ಯಾನನ್ ಮತ್ತೆ ಕಾಲಿಯೆಂಡೊ, ಬೇರೆ ಕಾಲೇಜಿಂದ ಬಂದೋರು. 197ರಲ್ಲಿ ಚಾಂಪಿಯನ್ ಆದ ಬುಕ್ಯಾನನ್‌ಗೆ ಅದೇ ಕೊನೇ ವರ್ಷ. ಹೀಗೆ ತಂದ ಹುಡುಗ ಈ ವರ್ಷದ ತೂತು ಮುಚ್ತಾನೆ, ಮುಂದಿನ ವರ್ಷ ಅದೇ ತೂಕದಲ್ಲಿ ಮತ್ತೆ ತೂತು. ಪೆನ್ ಸ್ಟೇಟಲ್ಲಿ ಆ ಹತ್ತು ಜನರಲ್ಲಿ ಮೂವರದ್ದು ಕಾಲೇಜಿಗೆ ಆಡೋ ಅವಧಿ ಮುಗೀತು, ಏಳು ಜನರದ್ದು ಉಳೀತು. ನಿಜವಾದ ಅಂತರ ಅದು. ನನ್ನ ಕೇಳಿದ್ರೆ ಅವರಿಗೆ ಮುಂದೆ ಗಟ್ಟಿ ಪೈಪೋಟಿ ಬರೋದು ಒಕ್ಲಹೋಮಾ ಸ್ಟೇಟಿಂದ. 2024ರಲ್ಲಿ ಕೋಚ್ ಆಗಿ ಹೋದ ಡೇವಿಡ್ ಟೇಲರ್ ಸ್ಯಾಂಡರ್ಸನ್ ಶಿಷ್ಯನೇ, ಮೊದಲನೇ ವರ್ಷವೇ ಟೀಮನ್ನ ಮೂರನೇ ಸ್ಥಾನಕ್ಕೆ ತಂದ.

ಒಂದು ವಿಷಯ ಮಾತ್ರ ಎಲ್ಲ ಟೀಮಿಗೂ ಚಿಂತೆ. 2025-26ರಿಂದ, ಆಟಗಾರರಿಗೆ ದುಡ್ಡು ಕೊಡೋ ಹೊಸ ಕೋರ್ಟ್ ಒಪ್ಪಂದ ಒಪ್ಪಿದ ಕಾಲೇಜುಗಳಲ್ಲಿ ಕುಸ್ತಿ ಟೀಮಿಗೆ 30 ಜನರ ಮಿತಿ. ಹತ್ತು ತೂಕಕ್ಕೆ ಭಾಗಿಸಿದ್ರೆ ಮೂರೇ ಜನ. ಒಬ್ಬನ ಮೊಣಕಾಲು ಹೋಯ್ತು, ಇನ್ನೊಬ್ಬ ಮೇಲಿನ ತೂಕಕ್ಕೆ ಹೋದ ಅಂದ್ರೆ ಉಳಿದೋನಿಗೆ ಅಭ್ಯಾಸಕ್ಕೆ ಜೋಡಿನೇ ಇಲ್ಲ. ಪಕ್ಕದಲ್ಲಿ ಕ್ಲಬ್ ಇರೋರು ಬದುಕ್ತಾರೆ, ಚಿಕ್ಕ ಕಾಲೇಜುಗಳಿಗೆ ಕಷ್ಟ.

ರೂಪಕ್ಕ, ನೀವು ಮಗಳ ವಿಷಯ ಕೇಳಿದ್ರಲ್ಲ, ಹುಡುಗೀರಿಗೆ ಇದರಲ್ಲಿ ಮುಂದೆ ದಾರಿ ಇದೆಯಾ ಅಂತ. ಖಂಡಿತ ಇದೆ. ಎನ್‌ಸಿಎಎ ತನ್ನದೇ ಮಹಿಳಾ ಚಾಂಪಿಯನ್‌ಷಿಪ್ ನಡೆಸೋಕೆ 2025ರ ಜನವರಿಯಲ್ಲಿ ಒಪ್ಪಿತು, ಮೊದಲನೇದು 2026ಕ್ಕೆ. ಹುಡುಗೀರು ಆಡೋದು ನೇರ ಫ್ರೀಸ್ಟೈಲ್, ಒಲಿಂಪಿಕ್ಸ್‌ದು ಅದೇ ಶೈಲಿ. ಹುಡುಗ್ರ ಹಾಗೆ ಕಾಲೇಜ್ ಮುಗಿಸಿ ಅಭ್ಯಾಸ ಬದಲಾಯಿಸೋ ಕಷ್ಟ ಇಲ್ಲ. ಹುಡುಗ್ರ ಶೈಲೀಲಿ ಬೆನ್ನ ಮೇಲೆ ಉರುಳಿ ತಪ್ಪಿಸ್ಕೊಂಡ್ರೆ ನಡೆಯುತ್ತೆ, ಫ್ರೀಸ್ಟೈಲಲ್ಲಿ ಅದೇ ಉರುಳಾಟಕ್ಕೆ ಎದುರಾಳಿಗೆ 2 ಅಂಕ ಹೋಗುತ್ತೆ. ಅಯೋವಾದ ಹುಡುಗೀರ ಟೀಮ್ ಕೋಚ್ ಕ್ಲಾರಿಸಾ ಚುನ್ ಕೈಕೆಳಗೆ ತುಂಬಾ ಚೆನ್ನಾಗಿದೆ.

ಕಾಲೇಜ್ ನೋಡೋಕೆ ಹೋದಾಗ ಕೋಚ್ ಹತ್ರ ಎರಡು ವಿಷಯ ಕೇಳಿ ಅಕ್ಕ. ಅವಳ ತೂಕದಲ್ಲೂ ಅದರ ಮೇಲಿನ ತೂಕದಲ್ಲೂ ಅಭ್ಯಾಸಕ್ಕೆ ಯಾರ್ಯಾರಿದಾರೆ, ಅವರಿಗೆ ಇನ್ನೆಷ್ಟು ವರ್ಷ ಇದೆ ಅಂತ. ಆಮೇಲೆ ತೂಕ ಇಳಿಸೋದನ್ನ ಯಾರು ನೋಡ್ಕೊಳ್ತಾರೆ ಅಂತ. ಇದನ್ನ ಹಗುರವಾಗಿ ತಗೋಬೇಡಿ. 1997ರ ನವೆಂಬರ್-ಡಿಸೆಂಬರಲ್ಲಿ ತೂಕ ಇಳಿಸೋಕೆ ಹೋಗಿ ಮೂರು ಕಾಲೇಜ್ ಹುಡುಗ್ರು ತೀರಿಕೊಂಡ್ರು. ಆಮೇಲೇ ರಬ್ಬರ್ ಸೂಟ್, ಸೌನಾ ಎಲ್ಲ ನಿಷೇಧ ಆಗಿದ್ದು. ಹುಡುಗ್ರ ಕಡೆ ಅವಾಗಿಂದ ಬಂದ ಲೆಕ್ಕ ವಾರಕ್ಕೆ ದೇಹದ ತೂಕದ 1.5 ಶೇಕಡಾ ಮೀರಬಾರದು, 150 ಪೌಂಡ್ ಇರೋರಿಗೆ ಎರಡೂಕಾಲು ಪೌಂಡ್ ಅಷ್ಟೇ. ನಿಮ್ಮ ಮಗಳಿಗೂ ಅದೇ ಅಳತೆ ಇಟ್ಕೊಳಿ. ಕೊನೇ ದಿನ ನೀರು ಬಿಟ್ಟು ಇಳಿಸಿದ್ರೆ ತಕ್ಕಡಿ ಮೇಲೆ ಗೆಲ್ಲಬಹುದು, ಪಂದ್ಯದ ಕೊನೇ ನಿಮಿಷದಲ್ಲಿ ಕಾಲು ಏಳಲ್ಲ. "ನೀನು ಕೆಳಗಿನ ತೂಕಕ್ಕೆ ಬಾ" ಅಂತ ಮೊದಲನೇ ದಿನವೇ ಹೇಳೋ ಕೋಚ್ ಇದ್ರೆ, ಎಷ್ಟು ವಾರದಲ್ಲಿ ಅಂತ ಅಲ್ಲೇ ಕೇಳಿಬಿಡಿ.