ದೊಡ್ಡಪ್ಪನ ತ್ರಿಭುಜ

(ಬ್ರಹ್ಮಾವರದ ನಮ್ಮ ಮನೆಯ ವಾಟ್ಸಾಪ್ ಗುಂಪು, ಭಾನುವಾರ ಬೆಳಿಗ್ಗೆ)

ದೊಡ್ಡಪ್ಪ (ಫಾರ್ವರ್ಡ್): ಮೂರು ಬಾಹು, ಮೂರು ಕೋನ. ಈ ಆರರಲ್ಲಿ ಯಾವ ಮೂರು ಗೊತ್ತಿದ್ದರೂ ತ್ರಿಭುಜ ಒಂದೇ! ಬೇರಾವ ಆಕೃತಿಗೂ ಈ ಭಾಗ್ಯವಿಲ್ಲ.

ಅಕ್ಕ: ದೊಡ್ಡಪ್ಪ, ‘ಯಾವ ಮೂರು’ ಎಂದದ್ದೇ ತಪ್ಪು. ಹೆದ್ದಾರಿ ಬದಿಯ ಎಚ್ಚರಿಕೆ ಫಲಕದ ಕೋನಗಳು 60-60-60. ಮಗಳು ಪುಸ್ತಕದಲ್ಲಿ ಬಿಡಿಸಿದ ಪುಟ್ಟ ಫಲಕದ್ದೂ ಅಷ್ಟೇ. ಎರಡೂ ಒಂದೆಯೇ?

ದೊಡ್ಡಪ್ಪ: ಅವು ಸಮರೂಪ, ಸರ್ವಸಮವಲ್ಲ; ಆಕಾರ ಒಂದೇ, ಅಳತೆ ಬೇರೆ. ಒಪ್ಪಿದೆ. ಒಂದು ಬಾಹುವಾದರೂ ಇರಲಿ. ಈಗ ಸರಿಯೇ?

ಅಕ್ಕ: ಈಗಲೂ ಇಲ್ಲ. ಒಂದು ಕೋನ 30 ಡಿಗ್ರಿ, ಪಕ್ಕದ ಬಾಹು 10 ಸೆಂ.ಮೀ., ಕೋನದ ಎದುರಿನ ಬಾಹು 6. ಬಿಡಿಸಿ ನೋಡಿ, ಎರಡು ಬರುತ್ತವೆ.

ದೊಡ್ಡಪ್ಪ: ಎಲ್ಲಿಂದ ಬರುತ್ತವೆ ಮಾರಾಯ್ತಿ? ಮೂವತ್ತು ವರ್ಷ ಗಣಿತ ಪಾಠ ಮಾಡಿದವನು ನಾನು.

ನಾನು: ನಮ್ಮ ತೋಟದ ಗೇಟನ್ನೇ ನೋಡಿ. ನಾಲ್ಕು ಪಟ್ಟಿಗಳೂ ಇದ್ದಷ್ಟೇ ಉದ್ದ ಇದ್ದವು, ಆದರೂ ಗೇಟು ವಾಲಿ ನೆಲ ಕೆರೆಯುತ್ತಿತ್ತು. ಆಚಾರಿ ಬಂದು ಓರೆಗೆ ಒಂದು ಪಟ್ಟಿ ಹೊಡೆದ ಮೇಲೆ ಅಲುಗಾಡಿಲ್ಲ.

ದೊಡ್ಡಪ್ಪ: ನೋಡಿದಿರಾ! ಚೌಕಟ್ಟು ಎರಡು ತ್ರಿಭುಜವಾಯಿತು, ಗಟ್ಟಿಯಾಯಿತು.

ಅಕ್ಕ: ಅದು ಮೂರು ಬಾಹು. ಬಾಹು-ಬಾಹು-ಬಾಹು (ಬಾ.ಬಾ.ಬಾ.) ನಿಯಮಕ್ಕೆ ನನ್ನ ತಕರಾರೇ ಇಲ್ಲ.

ಚಿಕ್ಕಪ್ಪ: ಒಂದು ಬಾಹು, ಎರಡು ಕೋನಕ್ಕೂ ತಕರಾರು ಬೇಡ. ಬ್ರಿಟಿಷ್ ಸರ್ವೆಯರ್ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನಲ್ಲಿ ಸುಮಾರು 12 ಕಿ.ಮೀ. ಗೆರೆಯೊಂದನ್ನು ಸರಪಳಿಯಿಂದ ಅಳೆದ. ಆಮೇಲೆ ಮುಖ್ಯವಾಗಿ ಕೋನಗಳನ್ನೇ ಅಳೆಯುತ್ತಾ, ತ್ರಿಭುಜಕ್ಕೆ ತ್ರಿಭುಜ ಪೋಣಿಸಿಕೊಂಡು ಸರ್ವೆ ನಮ್ಮ ಮಂಗಳೂರು ಮುಟ್ಟಿತು. ನಕ್ಷೆಯಲ್ಲಿ 400 ಮೈಲಿ ಇದ್ದ ದೂರ 360ಕ್ಕೆ ಇಳಿಯಿತು!

ಅಕ್ಕ: ಅದೂ ಸರಿ ಚಿಕ್ಕಪ್ಪ. ನನ್ನ 30-10-6 ಏನಾಯಿತು?

(ಮುಕ್ಕಾಲು ಗಂಟೆ ದೊಡ್ಡಪ್ಪನ ಸುದ್ದಿಯಿಲ್ಲ. ಆಮೇಲೆ ಒಂದು ಫೋಟೋ: ಜಗಲಿಯ ಮೇಲೆ ಹಿಡಿಸೂಡಿಯ, ಅಂದರೆ ಪೊರಕೆಯ, ಕಡ್ಡಿಗಳು, ಪಕ್ಕದಲ್ಲಿ ಕೋನಮಾಪಕ.)

ದೊಡ್ಡಪ್ಪ: ಕೆಳಗೊಂದು ಉದ್ದ ಕಡ್ಡಿ, ಅದರ ಮೂಲೆಯಿಂದ 30 ಡಿಗ್ರಿಗೆ 10ರ ಕಡ್ಡಿ ಇಟ್ಟೆ. 10ರ ಕಡ್ಡಿಯ ಇನ್ನೊಂದು ತುದಿಗೆ 6ರ ಕಡ್ಡಿ ಹಿಡಿದು ಬಾಗಿಲಿನಂತೆ ತಿರುಗಿಸಿದೆ. ಕೆಳಗಿನ ಕಡ್ಡಿಗೆ ಎರಡು ಕಡೆ ತಾಗುತ್ತದೆ: ಮೂಲೆಯಿಂದ 5.3ರಲ್ಲಿ ಒಮ್ಮೆ, 12ರ ಹತ್ತಿರ ಇನ್ನೊಮ್ಮೆ. ಸರಿಯಾಗಿ 5ಕ್ಕೆ ಮುರಿದರೆ ಒಂದೇ ಕಡೆ. ಅದಕ್ಕಿಂತ ಗಿಡ್ಡವಾದರೆ ತಾಗುವುದೇ ಇಲ್ಲ. 10 ಅಥವಾ ಹೆಚ್ಚಿದ್ದರೆ ಮತ್ತೆ ಒಂದೇ ತ್ರಿಭುಜ. ಇದನ್ನು ನೀನು ಹೇಳಲೇ ಇಲ್ಲವಲ್ಲ?

ಅಕ್ಕ: ನೀವು ಹೇಳಲು ಬಿಟ್ಟರಲ್ಲವೇ!

ದೊಡ್ಡಮ್ಮ: ಹೊಸ ಹಿಡಿಸೂಡಿ ಅದು. ಎಷ್ಟು ಕಡ್ಡಿ ಕಿತ್ತಿರಿ?

(ದೊಡ್ಡಪ್ಪ ಫೋಟೋ ಅಳಿಸಿದರು. ಫಾರ್ವರ್ಡ್ ಇನ್ನೂ ಹಾಗೆಯೇ ಇದೆ.)