ಹೋಮ್‌ಸ್ಟೇ ವೆಬ್‌ಸೈಟ್: ಮೊಬೈಲ್‌ನ ಮೊದಲ ಸ್ಕ್ರೀನ್‌ನಲ್ಲಿ ಏನೇನು ಕಾಣಬೇಕು?

ಆಲ್ದೂರು_ವೆಬ್:
ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರು ತಾಲ್ಲೂಕಿನ ಒಂದು ಹೋಮ್‌ಸ್ಟೇಗೆ ಸೈಟ್ ಮಾಡ್ತಿದ್ದೀನಿ. ತೋಟದ ಫೋಟೋ ಸ್ಕ್ರೀನ್ ತುಂಬಾ ಬರಬೇಕು ಅನ್ನೋದು ಮಾಲೀಕರ ಆಸೆ. ಹಾಗಾಗಿ 100ವಿಎಚ್ (vh, ಅಂದರೆ ಇಡೀ ಸ್ಕ್ರೀನಿನಷ್ಟು) ಎತ್ತರದ ಸ್ಲೈಡರ್ (ಒಂದಾದ ಮೇಲೊಂದು ಸರಿಯೋ ಫೋಟೋ ಸಾಲು), ಅದರಲ್ಲಿ ಐದು ಫೋಟೋ, ತಳದಲ್ಲಿ 'ಬುಕ್ ಮಾಡಿ' ಬಟನ್ ಇಟ್ಟಿದ್ದೀನಿ. ರೇಟ್ ಮೂರನೇ ಸೆಕ್ಷನ್‌ನಲ್ಲಿದೆ, ಫೋನ್ ನಂಬರ್ ಪೇಜಿನ ತಳದ ಫುಟರ್‌ನಲ್ಲಿ. ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್‌ನ ಮೊಬೈಲ್ ವ್ಯೂ ಹಾಕಿ ನೋಡಿದರೆ ಬಟನ್ ಸರಿಯಾಗಿ ಕಾಣುತ್ತೆ, ಫೋನಿನಲ್ಲಿ ತೆರೆದರೆ ಅರ್ಧ ಕತ್ತರಿಸಿ ಹೋಗುತ್ತೆ. ಯಾಕೆ? ಸ್ಕ್ರಾಲ್ ಮಾಡದೆ ಕಾಣೋ ಜಾಗದಲ್ಲಿ ನಿಜವಾಗಿ ಏನೇನು ಇರಬೇಕು?

ಕಾಫಿನಾಡು_ಕೋಡ್:
ಬಟನ್ ವಿಷಯ ಮೊದಲು. ಮೊಬೈಲ್ ಬ್ರೌಸರ್‌ಗಳು 100ವಿಎಚ್ ಲೆಕ್ಕ ಹಾಕೋದು ಅಡ್ರೆಸ್ ಬಾರ್ ಒಳಗೆ ಸರಿದಮೇಲಿನ ಎತ್ತರಕ್ಕೆ. ಪೇಜ್ ತೆರೆದ ಕ್ಷಣದಲ್ಲಿ ಆ ಬಾರ್ ಇನ್ನೂ ಇರುತ್ತೆ, ಅಷ್ಟು ಭಾಗ ಕೆಳಗೆ ಹೋಗುತ್ತೆ. ಕ್ರೋಮ್‌ನ ಮೊಬೈಲ್ ವ್ಯೂನಲ್ಲಿ ಅಡ್ರೆಸ್ ಬಾರೇ ಇರಲ್ಲ, ಅದಕ್ಕೇ ಅಲ್ಲಿ ಎಲ್ಲ ಸರಿ ಕಾಣೋದು. ವಿಎಚ್ ತೆಗೆದು ಎಸ್‌ವಿಎಚ್ (svh) ಹಾಕಿ, ಬಾರ್ ಇದ್ದಾಗಿನ ಚಿಕ್ಕ ಎತ್ತರವನ್ನೇ ಅದು ತಗೊಳ್ಳುತ್ತೆ. ಕ್ರೋಮ್ 108, ಸಫಾರಿ 15.4ರಿಂದ ಇದು ಕೆಲಸ ಮಾಡುತ್ತೆ. ಹಳೇ ಫೋನ್‌ಗಳಿಗೆ ಮೇಲಿನ ಸಾಲಲ್ಲಿ ವಿಎಚ್ ಬರೆದು, ಅದರ ಕೆಳಗಿನ ಸಾಲಲ್ಲಿ ಎಸ್‌ವಿಎಚ್ ಬರೆಯಿರಿ. ಡಿವಿಎಚ್ (dvh) ಬೇಡ: ಬಾರ್ ಸರಿದ ಹಾಗೆಲ್ಲ ಎತ್ತರ ಬದಲಾಗಿ ಪೇಜ್ ಜಿಗಿಯುತ್ತೆ.

ಆದರೆ ನನ್ನ ಅಭಿಪ್ರಾಯ ಕೇಳಿದರೆ, ಫೋಟೋಗೆ ಪೂರ್ತಿ ಸ್ಕ್ರೀನ್ ಕೊಡಲೇಬೇಡಿ. ಅಂಚಿಂದ ಅಂಚಿಗೆ ಒಂದೇ ಫೋಟೋ ಇದ್ದರೆ ಪೇಜ್ ಅಲ್ಲಿಗೇ ಮುಗೀತು ಅಂತ ಜನ ಅಂದ್ಕೋತಾರೆ.

360×800 ಫೋನ್ ಇಟ್ಕೊಂಡು ಲೆಕ್ಕ ಹಾಕೋಣ. ಫೋನಿನ ಪಟ್ಟಿಗಳು, ಅಡ್ರೆಸ್ ಬಾರ್ ಕಳೆದರೆ ನಿಮ್ಮ ಕೈಗೆ ಸಿಗೋದು ಸುಮಾರು 660 ಪಿಕ್ಸೆಲ್. ಹೆಡರ್‌ಗೆ 56. ಫೋಟೋ 3:2 ಅಳತೆಯಲ್ಲಿ 240. ತಲೆಬರಹ ಎರಡು ಸಾಲಿಗೆ 72. ಜಾಗ, ರೇಟ್ ಎರಡು ಸಾಲಿಗೆ 52. ಬಟನ್‌ಗೆ 48, ಅದಕ್ಕಿಂತ ಚಿಕ್ಕದಾದರೆ ಹೆಬ್ಬೆರಳಿಗೆ ಸಿಗಲ್ಲ. ನಡುವಿನ ಖಾಲಿ ಜಾಗಕ್ಕೆ 64. ಒಟ್ಟು 532 ಆಯ್ತು. ಉಳಿದ 128ರಲ್ಲಿ ಮುಂದಿನ ಸೆಕ್ಷನ್ನಿನ ತಲೆ ಇಣುಕಬೇಕು, ರೂಮಿನ ಫೋಟೋ ಅರ್ಧ ಕಂಡರೂ ಸಾಕು. ಕೆಳಗೆ ಇನ್ನೂ ಇದೆ ಅಂತ ತಾನಾಗೇ ತಿಳಿಯುತ್ತೆ.

ಬೇಲೂರು_ಡಿಸೈನ್:
ಲೆಕ್ಕ ಚೆನ್ನಾಗಿದೆ. ಬರಹದ ಬಗ್ಗೆ ಸ್ವಲ್ಪ ಸೇರಿಸ್ತೀನಿ. 'ಪ್ರಕೃತಿಯ ಮಡಿಲಿಗೆ ಸ್ವಾಗತ' ಅನ್ನೋ ತಲೆಬರಹ ಯಾವ ಹೋಮ್‌ಸ್ಟೇಗಾದರೂ ಹೊಂದುತ್ತೆ, ಆ 72 ಪಿಕ್ಸೆಲ್ ದಂಡ. ಫೋನ್ ಮಾಡೋರು ಮೊದಲು ಕೇಳೋದನ್ನೇ ಬರೆಯಿರಿ: ಎಲ್ಲಿ, ಒಬ್ಬರಿಗೆ ಎಷ್ಟು, ಊಟ ಸೇರಿದೆಯಾ. 'ಆಲ್ದೂರು ಹತ್ತಿರ ಕಾಫಿ ತೋಟದ ಮನೆ' ತಲೆಬರಹ, ಅದರ ಕೆಳಗೆ 'ಒಬ್ಬರಿಗೆ 2,500 ರೂ., ಊಟ-ತಿಂಡಿ ಸೇರಿ'. ಕೊನೇ ಎರಡು ಕಿಲೋಮೀಟರ್ ಜೀಪ್ ಬೇಕು ಅಂತಿದ್ದರೆ ಅದೂ ಅಲ್ಲೇ ಬರಲಿ, ಕಾರಲ್ಲಿ ಬಂದು ಪರದಾಡಬಾರದು.

ಕನ್ನಡ ತಲೆಬರಹಕ್ಕೆ ಲೈನ್ ಹೈಟ್ (ಅಕ್ಷರದ ಗಾತ್ರದ ಎಷ್ಟು ಪಟ್ಟು ಸಾಲಿನ ಎತ್ತರ ಅನ್ನೋದು) 1.5ಕ್ಕಿಂತ ಇಳಿಸಬೇಡಿ. ಇಂಗ್ಲಿಷ್ ಥೀಮ್‌ಗಳಲ್ಲಿ 1.1, 1.2 ಇಟ್ಟಿರ್ತಾರೆ. ಅದರಲ್ಲಿ 'ಮುಳ್ಳಯ್ಯನಗಿರಿ' ಬರೆದರೆ ಳಕಾರದ, ಯಕಾರದ ಒತ್ತುಗಳು ಕೆಳಗಿನ ಸಾಲಿನ ಗುಡಿಸು, ತಲೆಕಟ್ಟಿಗೆ ತಾಗುತ್ತವೆ. ಓವರ್‌ಫ್ಲೋ ಹಿಡನ್ (ಚೌಕದ ಆಚೆ ಹೋದದ್ದನ್ನು ಮರೆಮಾಡೋ ಸೆಟ್ಟಿಂಗ್) ಇದ್ದರಂತೂ ಒತ್ತಿನ ತಳವೇ ಕತ್ತರಿಸಿ ಹೋಗುತ್ತೆ. ಅಕ್ಷರದ ಗಾತ್ರ 24 ಪಿಕ್ಸೆಲ್ ಸಾಕು. 32 ಮಾಡಿದರೆ 'ಚಿಕ್ಕಮಗಳೂರಿನಿಂದ' ಅನ್ನೋ ಒಂದೇ ಪದ ಹೆಚ್ಚುಕಮ್ಮಿ ಇಡೀ ಸಾಲು ತಿನ್ನುತ್ತೆ.

ಹಾಸನ_ಸರ್ವರ್:
ಜಾಗ ಸರಿಯಾಗಿ ಹಂಚಿದರೂ ಫೋಟೋ ಬರೋದು ತಡವಾದರೆ ಜನ ನೋಡೋದು ಬರೀ ಬಿಳಿ ಚೌಕ. ಘಟ್ಟದ ಕಡೆ ನೆಟ್‌ವರ್ಕ್ ಹೇಗಿರುತ್ತೆ ಅಂತ ನಿಮಗೇ ಗೊತ್ತು. ಮೊದಲ ಸ್ಕ್ರೀನಿನ ದೊಡ್ಡ ಚಿತ್ರ 2.5 ಸೆಕೆಂಡಿನೊಳಗೆ ಬರಬೇಕು, ಗೂಗಲ್ ಇಟ್ಟಿರೋ ಮಿತಿ ಅದೇ.

ಸ್ಲೈಡರ್ ತೆಗೆಯಿರಿ. ಬಹುಪಾಲು ಸ್ಲೈಡರ್‌ಗಳು ಸ್ಕ್ರಿಪ್ಟ್ ಲೋಡ್ ಆಗೋವರೆಗೂ ಮೊದಲ ಫೋಟೋನೂ ತೋರಿಸಲ್ಲ, ಮಿಕ್ಕ ನಾಲ್ಕು ಫೋಟೋ ಬೇರೆ ಅದೇ ಹೊತ್ತಲ್ಲಿ ನೆಟ್ ಎಳೀತವೆ. ಒಂದೇ ಫೋಟೋ, 720 ಪಿಕ್ಸೆಲ್ ಅಗಲ, ವೆಬ್‌ಪಿ (ಕಡಿಮೆ ತೂಕದ ಫೋಟೋ ಫಾರ್ಮ್ಯಾಟ್), 100 ಕೆಬಿ ಒಳಗೆ. ಸಿಎಸ್‌ಎಸ್ (ಪೇಜಿನ ಅಲಂಕಾರದ ಕೋಡ್) ಬ್ಯಾಕ್‌ಗ್ರೌಂಡ್ ಆಗಿ ಹಾಕಿದರೆ ಬ್ರೌಸರ್‌ಗೆ ಅದು ತಡವಾಗಿ ಗೊತ್ತಾಗುತ್ತೆ, ನೇರ ಇಮೇಜ್ ಟ್ಯಾಗ್ ಬಳಸಿ. ವಿಡ್ತ್, ಹೈಟ್ ಎರಡನ್ನೂ ಬರೆಯಿರಿ, ಇಲ್ಲದಿದ್ದರೆ ಫೋಟೋ ಬಂದ ತಕ್ಷಣ ಬಟನ್ ಕೆಳಕ್ಕೆ ಜಾರುತ್ತೆ, ಒತ್ತೋಕೆ ಹೋದವರು ಬೇರೇನನ್ನೋ ಒತ್ತುತ್ತಾರೆ. ಪ್ಲಗಿನ್‌ಗಳು ಎಲ್ಲ ಫೋಟೋಗೂ ಲೇಜಿ ಲೋಡಿಂಗ್ (ಸ್ಕ್ರಾಲ್ ಮಾಡಿ ಹತ್ತಿರ ಬಂದಾಗಲೇ ಫೋಟೋ ತರಿಸೋದು) ಅಂಟಿಸುತ್ತವೆ. ಈ ಒಂದಕ್ಕೆ ಅದನ್ನು ತೆಗೆದು ಫೆಚ್‌ಪ್ರಯಾರಿಟಿ ಹೈ ಕೊಡಿ, ಇದನ್ನು ಮೊದಲು ತರಿಸು ಅಂತ ಬ್ರೌಸರ್‌ಗೆ ಹೇಳಿದ ಹಾಗೆ.

ಆಲ್ದೂರು_ವೆಬ್:
ತುಂಬಾ ಧನ್ಯವಾದ. ಇನ್ನೊಂದು: ಕಾಲ್ ಮತ್ತು ವಾಟ್ಸಾಪ್ ಬಟನ್ ತಳಕ್ಕೆ ಅಂಟಿದ ಪಟ್ಟಿಯಲ್ಲಿ ಇಡಲಾ? ಗೂಗಲ್ ಮ್ಯಾಪ್ ಕೂಡ ಮೇಲೇ ಹಾಕಿ ಅಂತಿದ್ದಾರೆ ಮಾಲೀಕರು.

ಕಾಫಿನಾಡು_ಕೋಡ್:
ಪಟ್ಟಿ ಇಡಿ, 56 ಪಿಕ್ಸೆಲ್ ಸಾಕು. ಹಾಗೆ ಮಾಡಿದರೆ ಮೇಲಿನ ಬಟನ್ ತೆಗೆದುಬಿಡಿ, ಎರಡೆರಡು ಬೇಡ. ಪೇಜಿನ ಬಾಡಿ (body) ಟ್ಯಾಗ್‌ಗೆ ಅಷ್ಟೇ ಪ್ಯಾಡಿಂಗ್ ಬಾಟಮ್ (ತಳದಲ್ಲಿ ಖಾಲಿ ಜಾಗ) ಕೊಡದಿದ್ದರೆ ಪೇಜಿನ ಕೊನೇ ಸಾಲು ಪಟ್ಟಿಯ ಅಡಿ ಸಿಕ್ಕಿಹಾಕಿಕೊಳ್ಳುತ್ತೆ. ವಾಟ್ಸಾಪ್ ಲಿಂಕ್‌ನಲ್ಲಿ ನಂಬರ್ ಮುಂದೆ 91 ಇರಲಿ, ಪ್ಲಸ್ ಚಿಹ್ನೆಯಾಗಲಿ ಸೊನ್ನೆಯಾಗಲಿ ಬೇಡ. ಇನ್‌ಸ್ಟಾಗ್ರಾಮ್‌ನಿಂದ ಬರೋರಿಗೆ ಪೇಜ್ ಆ ಆ್ಯಪ್‌ನ ಒಳಗಿನ ಬ್ರೌಸರ್‌ನಲ್ಲೇ ತೆರೆಯುತ್ತೆ, ಅಲ್ಲೂ ಒಮ್ಮೆ ನೋಡಿ.

ಮ್ಯಾಪ್ ಮೇಲೆ ಬೇಡವೇ ಬೇಡ. ಅದು ಭಾರ. ಮೇಲೆ 'ದಾರಿ' ಅಂತ ಒಂದು ಲಿಂಕ್ ಸಾಕು. ಕೆಳಗಿನ ಸೆಕ್ಷನ್‌ನಲ್ಲಿ ಯಾವ ಸರ್ಕಲ್‌ನಲ್ಲಿ ಯಾವ ಕಡೆ ತಿರುಗಬೇಕು ಅಂತ ಅಕ್ಷರದಲ್ಲೇ ಬರೆಯಿರಿ. ಸಿಗ್ನಲ್ ಹೋದಮೇಲೆ ಸ್ಕ್ರೀನ್‌ಶಾಟ್ ಇಟ್ಕೊಂಡವರಿಗೆ ಅದೇ ದಾರಿ ತೋರಿಸೋದು.

ಹಾಸನ_ಸರ್ವರ್:
ಬದಲಾವಣೆ ಮಾಡೋಕೆ ಮುಂಚೆಯೇ ಅಳತೆ ಶುರು ಮಾಡಿ. ಜಿಎ4 (ಗೂಗಲ್ ಅನಲಿಟಿಕ್ಸ್ 4, ಸೈಟಿಗೆ ಬಂದವರ ಲೆಕ್ಕ ಇಡೋ ಟೂಲ್) ತಾನಾಗಿ ಸ್ಕ್ರಾಲ್ ಲೆಕ್ಕ ಹಿಡಿಯೋದು ಪೇಜಿನ 90% ದಾಟಿದಾಗ ಮಾತ್ರ, ಮೊದಲ ಸ್ಕ್ರೀನ್ ಬಗ್ಗೆ ಅದು ಏನೂ ಹೇಳಲ್ಲ. ಗೂಗಲ್‌ನ ಟ್ಯಾಗ್ ಮ್ಯಾನೇಜರ್‌ನಲ್ಲಿ 'ಟೆಲ್' (tel:) ಇಂದ ಶುರುವಾಗೋ ಫೋನ್ ಲಿಂಕ್ ಕ್ಲಿಕ್‌ಗೆ ಒಂದು ಟ್ರಿಗರ್ (ಕ್ಲಿಕ್ ಆದಾಗ ಲೆಕ್ಕ ಹಿಡಿಯೋ ನಿಯಮ), ವಾಟ್ಸಾಪ್ ಲಿಂಕ್‌ಗೆ ಇನ್ನೊಂದು ಮಾಡಿ. ಮಾಲೀಕರಿಗೆ ಸ್ಲೈಡರ್ ಬಿಡೋಕೆ ಮನಸ್ಸು ಬರದಿದ್ದರೆ ಹಳೇ ಪೇಜಿನ ಎರಡು ವಾರದ ಕ್ಲಿಕ್, ಹೊಸ ಪೇಜಿನ ಎರಡು ವಾರದ ಕ್ಲಿಕ್ ಪಕ್ಕಪಕ್ಕ ಇಟ್ಟು ತೋರಿಸಿ. ನಡುವೆ ದಸರಾ ರಜೆಯೋ ಉದ್ದದ ವೀಕೆಂಡೋ ಬರದ ಹಾಗೆ ದಿನ ಆರಿಸಿಕೊಳ್ಳಿ.